'ಬೂಟ್ ಸಾಧನ ಸಿಗಲಿಲ್ಲ': ಒಂದು ವಾಕ್ಯದ ವಿಮರ್ಶೆ

ಪುಸ್ತಕಗಳ ವಿಮರ್ಶೆ ನಿಮಗೆ ಹೊಸದಲ್ಲ. ಉಪಕರಣಗಳ, ತಂತ್ರಾಂಶಗಳ ವಿಮರ್ಶೆಯನ್ನೂ ಓದಿರುತ್ತೀರಿ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದೇ ಒಂದು ವಾಕ್ಯವನ್ನು. ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ಎಂದಿನ ಚಿತ್ರ ಮೂಡದೆ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವ ವಾಕ್ಯ ಅದು. ಅದರ ತಾತ್ಪರ್ಯ ಇಷ್ಟು: 'ಬೂಟ್ ಸಾಧನ ಸಿಗಲಿಲ್ಲ'. ಕಂಪನಿಯಿಂದ ಕಂಪನಿಗೆ ಪದಗಳು ಬದಲಾಗುತ್ತವೆ. ಕಾರ್ಯಾಚರಣಾ ವ್ಯವಸ್ಥೆ ಸಿಗಲಿಲ್ಲ ಎನ್ನುವವು ಕೆಲವು, ಹಾರ್ಡ್ ಡಿಸ್ಕ್ ಅಳವಡಿಸಿಲ್ಲ ಎನ್ನುವವು ಕೆಲವು. ಓದಿದವರ ಎದೆ ಧಸಕ್ಕೆನ್ನುವುದು ಮಾತ್ರ ಎಲ್ಲ ಕಡೆಯೂ ಒಂದೇ.

ಆ ಗಾಬರಿಯಲ್ಲಿ ನಾವು ಮಾಡಿಕೊಳ್ಳುವ ಅರ್ಥವೂ ಸಾಮಾನ್ಯವಾಗಿ ಒಂದೇ: 'ಹಾರ್ಡ್ ಡಿಸ್ಕ್ ಹೋಯಿತು'. ಗಮನಿಸಿ, ಯಂತ್ರ ಹಾಗೆ ಹೇಳಿಲ್ಲ. 'ಸಿಗಲಿಲ್ಲ' ಎಂದಿದೆ, 'ಸತ್ತಿದೆ' ಎಂದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರ ಬಹಳ ದೊಡ್ಡದು. ವರ್ಷವಿಡೀ ಕೂಡಿಸಿದ ಅಂಕಪಟ್ಟಿಗಳು, ಅರ್ಧ ಬರೆದ ಸಂಶೋಧನ ಪ್ರಬಂಧ, ಇನ್ನೆಲ್ಲೂ ಪ್ರತಿ ಇಲ್ಲದ ಮನೆಯ ಚಿತ್ರಗಳು ಉಳಿಯುತ್ತವೋ ಅಳಿಯುತ್ತವೋ ಎಂಬುದು ಎಷ್ಟೋ ಸಲ ಯಂತ್ರದ ಕೆಡುಕಿಗಿಂತ ಹೆಚ್ಚಾಗಿ ಈ ವಾಕ್ಯವನ್ನು ನಾವು ಹೇಗೆ ಓದಿದೆವು ಎಂಬುದರ ಮೇಲೆ ನಿಂತಿರುತ್ತದೆ. ವಾಕ್ಯ ಚಿಕ್ಕದು, ಅದರ ಇಂಗ್ಲಿಷೂ ಸರಳ. ಆದರೂ ಇದು ಕೆಟ್ಟ ವಾಕ್ಯ ಎಂದೇ ನನ್ನ ಅಭಿಪ್ರಾಯ. ಕಾರಣ, ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಇದು ಒಂದೇ ಮಾತನ್ನು ಬಳಸುತ್ತದೆ. ಆ ನಾಲ್ಕರಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ಯಂತ್ರಕ್ಕೆ ಗೊತ್ತಿದ್ದರೂ ನಮಗೆ ಹೇಳುವುದಿಲ್ಲ.

ಹಾಜರಿ ಕರೆಯುವ ಬಗೆ

ಲ್ಯಾಪ್‌ಟಾಪಿಗೆ ವಿದ್ಯುತ್ ಹರಿದೊಡನೆ ಎಚ್ಚರಗೊಳ್ಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲಿನ ಪುಟ್ಟ ಚಿಪ್ ಒಂದರಲ್ಲಿ ಬರೆದಿಟ್ಟ ತಂತ್ರಾಂಶ ಮೊದಲು ಏಳುತ್ತದೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯೋಸ್ ಎಂದು ಹೆಸರು, ಈಗಿನವುಗಳಲ್ಲಿ ಯುಇಎಫ್‌ಐ. ಹೆಸರು ಏನೇ ಇರಲಿ, ಅದು ಮಾಡುವ ಮೊದಲ ಕೆಲಸಗಳಲ್ಲಿ ಒಂದು ನಿಮ್ಮ ತರಗತಿಯಲ್ಲಿ ದಿನವೂ ನಡೆಯುವಂಥದೇ: ಹಾಜರಿ ಕರೆಯುವುದು.

ಡ್ರೈವ್ ಎಂಬುದು ಬರೀ ಉಗ್ರಾಣವಲ್ಲ. ಅದರೊಳಗೆ ಅದರದೇ ಸಂಸ್ಕಾರಕ, ಅದರದೇ ಸ್ಮೃತಿ, ಅದರದೇ ತಂತ್ರಾಂಶ ಇವೆ. ಈ ಒಳಗಿನ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅಂದರೆ ಗಣಕದೊಳಗೆ ಇನ್ನೊಂದು ಚಿಕ್ಕ ಗಣಕ. ಕುತೂಹಲದ ಸಂಗತಿಯೆಂದರೆ, ಹಾರ್ಡ್ ಡಿಸ್ಕಿನ ಫರ್ಮ್‌ವೇರಿನ ಒಂದು ಭಾಗ ಅದರ ತಟ್ಟೆಗಳ ಮೇಲೆಯೇ, ಬಳಕೆದಾರರಿಗೆ ಎಟುಕದ ಪಟ್ಟಿಯೊಂದರಲ್ಲಿ ಇರುತ್ತದೆ. ಹಾಗಾಗಿ ಅದು ಮಾತನಾಡಬೇಕಾದರೆ ಮೊದಲು ಮೋಟಾರು ತಿರುಗಬೇಕು, ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90. ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹೆಡ್ ತೇಲಬೇಕು, ತನ್ನದೇ ತಂತ್ರಾಂಶವನ್ನು ಓದಿಕೊಳ್ಳಬೇಕು. ಎಸ್‌ಎಸ್‌ಡಿಯಲ್ಲಿ ಮೋಟಾರೂ ಇಲ್ಲ, ತಟ್ಟೆಯೂ ಇಲ್ಲ. ಆದರೆ ನೀವು ಕೇಳುವ ಕಡತದ ತುಣುಕು ಯಾವ ಫ್ಲ್ಯಾಶ್ ಚಿಪ್ಪಿನ ಯಾವ ಪುಟದಲ್ಲಿದೆ ಎಂಬ ನಕ್ಷೆಯೊಂದನ್ನು ಅದು ಸದಾ ಇಟ್ಟುಕೊಂಡಿರಬೇಕು. ಆ ನಕ್ಷೆ ಕೆಟ್ಟರೆ ಚಿಪ್ಪುಗಳಲ್ಲಿ ದತ್ತಾಂಶವೆಲ್ಲ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಮದರ್‌ಬೋರ್ಡಿನ ಕಡೆಯಿಂದ 'ನೀನು ಯಾರು?' ಎಂಬ ಆದೇಶ ಹೋಗುತ್ತದೆ. ಸಾಟಾ ಡ್ರೈವ್ ಇದಕ್ಕೆ ಸರಿಯಾಗಿ 512 ಬೈಟ್‌ಗಳ ಉತ್ತರ ಕೊಡುತ್ತದೆ: 40 ಅಕ್ಷರಗಳ ಮಾದರಿ ಹೆಸರು, 20 ಅಕ್ಷರಗಳ ಕ್ರಮಸಂಖ್ಯೆ, ತನ್ನ ಸಾಮರ್ಥ್ಯ, ಇನ್ನಿತರ ವಿವರ. ಈ ಉತ್ತರ ಬಂದರೆ ಡ್ರೈವ್ 'ಪತ್ತೆಯಾಯಿತು' ಎಂದು ಲೆಕ್ಕ. ಅನಂತರ ಡ್ರೈವಿನ ಆರಂಭದಲ್ಲಿರುವ ವಿಭಜನಾ ಕೋಷ್ಟಕವನ್ನು ಓದಬೇಕು. ಯಾವ ವಿಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪರಿವಿಡಿ ಅದು. ಕೊನೆಗೆ ಕಾರ್ಯಾಚರಣಾ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್ ಲೋಡರ್ ಎಂಬ ಪುಟ್ಟ ಕ್ರಮವಿಧಿ ಸಿಗಬೇಕು.

ಈಗ ಹಾಜರಿಗೆ ಬರೋಣ. ಹೆಸರು ಕರೆದಿರಿ, ಉತ್ತರ ಬರಲಿಲ್ಲ. ಹುಡುಗ ಶಾಲೆಗೇ ಬಂದಿಲ್ಲದಿರಬಹುದು. ಡ್ರೈವಿನ ಸಂಪರ್ಕ ಸಡಿಲವಾಗಿರುವುದು, ಕೇಬಲ್ ಹರಿದಿರುವುದು, ವಿದ್ಯುತ್ ತಲುಪದಿರುವುದು ಇದಕ್ಕೆ ಸಮ. ಬಂದಿದ್ದಾನೆ, ಗಂಟಲು ಕಟ್ಟಿ ಹೆಸರು ಹೇಳಲಾಗುತ್ತಿಲ್ಲ. ಇದು ಡ್ರೈವಿನ ಫರ್ಮ್‌ವೇರ್ ತನ್ನನ್ನೇ ಓದಿಕೊಳ್ಳಲಾಗದ ಸ್ಥಿತಿ. 'ಹಾಜರ್' ಎಂದ, ಆದರೆ ಪುಸ್ತಕದ ಪರಿವಿಡಿ ಹರಿದಿದೆ. ಪರಿವಿಡಿ ಇದೆ, ಮೊದಲ ಪಾಠದ ಹಾಳೆಗಳು ಮಾತ್ರ ಇಲ್ಲ. ಈ ನಾಲ್ಕೂ ಹುಡುಗರ ಮುಂದೆ 'ಗೈರುಹಾಜರಿ' ಎಂದು ಬರೆದುಕೊಳ್ಳುವ ಮೇಷ್ಟ್ರ ಬಗ್ಗೆ ನೀವು ಏನು ಹೇಳುತ್ತೀರಿ? ಕಪ್ಪು ತೆರೆಯ ಮೇಲಿನ ವಾಕ್ಯ ಮಾಡುವುದು ಅದನ್ನೇ.

ಮೊದಲ ಸ್ಥಿತಿಯಲ್ಲಿ ದತ್ತಾಂಶಕ್ಕೆ ಕೂದಲೂ ಕೊಂಕಿರುವುದಿಲ್ಲ. ಮೂರು ಮತ್ತು ನಾಲ್ಕರಲ್ಲಿ ಬಹುಪಾಲು ಹಾಗೆಯೇ ಇರುತ್ತದೆ. ಈಗ ಬಳಕೆಯಲ್ಲಿರುವ ಜಿಪಿಟಿ ಕೋಷ್ಟಕವಂತೂ ತನ್ನ ಇನ್ನೊಂದು ಪ್ರತಿಯನ್ನು ಡ್ರೈವಿನ ಕಟ್ಟಕಡೆಯಲ್ಲಿ ಇಟ್ಟುಕೊಂಡಿರುತ್ತದೆ. ಎರಡನೆಯ ಸ್ಥಿತಿಯೊಂದೇ ನಿಜಕ್ಕೂ ಭಯಪಡಬೇಕಾದ್ದು. ಅದರಲ್ಲೂ ಎಲ್ಲವೂ ಹೋದಂತೆ ಅಲ್ಲ.

ಇಂಥ ವಾಕ್ಯ ಎಲ್ಲಿಂದ ಬಂತು?

1981ರಲ್ಲಿ ಬಂದ ಐಬಿಎಂ ಪಿಸಿಗೆ ಬೂಟ್ ಆಗಲು ಡಿಸ್ಕ್ ಸಿಗದಿದ್ದರೆ ಅದು ದೂರು ಹೇಳುತ್ತಿರಲಿಲ್ಲ. ಮದರ್‌ಬೋರ್ಡಿನ ರಾಮ್ ಚಿಪ್ಪುಗಳಲ್ಲಿ, ಎಂದರೆ ಓದಲು ಮಾತ್ರ ಬರುವ ಸ್ಮೃತಿಯಲ್ಲಿ, ಬೇಸಿಕ್ ಭಾಷೆಯೇ ಇತ್ತು. ಡಿಸ್ಕ್ ಇಲ್ಲವೇ? ಸರಿ, ಬೇಸಿಕ್ ತೆರೆದು ಕೂರುತ್ತಿತ್ತು. ಐಬಿಎಂ ಯಂತ್ರವನ್ನು ಅನುಕರಿಸಿ ಬೇರೆಯವರು ತಯಾರಿಸಿದ ಗಣಕಗಳಲ್ಲಿ ಆ ಬೇಸಿಕ್ ಇರಲಿಲ್ಲ. ಅವುಗಳಲ್ಲಿ ಎಎಂಐ ಕಂಪನಿಯ ಬಯೋಸ್ ಇದ್ದವು ಡಿಸ್ಕ್ ಸಿಗದಾಗ 'ರಾಮ್ ಬೇಸಿಕ್ ಇಲ್ಲ, ವ್ಯವಸ್ಥೆ ನಿಂತಿದೆ' ಎನ್ನುತ್ತಿದ್ದವು. ಹಾರ್ಡ್ ಡಿಸ್ಕಿನ ಕೊರತೆಯನ್ನು ಬೇಸಿಕ್ ಭಾಷೆಯ ಕೊರತೆ ಎಂದು ವರದಿ ಮಾಡುವ ಈ ಸಂದೇಶ ಎಷ್ಟು ಜನರನ್ನು ತಬ್ಬಿಬ್ಬು ಮಾಡಿರಬೇಡ! ಇಂದಿಗೂ ಕೆಲವು ಯಂತ್ರಗಳು 'ಬೂಟ್ ಡಿಸ್ಕ್ ಹಾಕಿ ಯಾವುದಾದರೂ ಕೀಲಿ ಒತ್ತಿ' ಎನ್ನುತ್ತವೆ. ಫ್ಲಾಪಿ ಹಾಕುವ ಕಿಂಡಿಯೇ ಇಲ್ಲದ ಲ್ಯಾಪ್‌ಟಾಪಿನಲ್ಲಿ ಫ್ಲಾಪಿಯ ಕಾಲದ ಮಾತು ಪಳೆಯುಳಿಕೆಯಂತೆ ಉಳಿದಿದೆ.

ಹಳೆಯದೆಲ್ಲ ಕೆಟ್ಟದ್ದು ಎಂದೇನೂ ಅಲ್ಲ. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇತ್ತು. ಅದರ ಸ್ವಯಂ ಪರೀಕ್ಷೆ ಸೋತರೆ ತೆರೆಯ ಮೇಲೆ 1701 ಎಂಬ ಸಂಖ್ಯೆ ಬರುತ್ತಿತ್ತು. ಒಣ ಸಂಖ್ಯೆ, ನಿಜ. ಆದರೆ ದೋಷವಿರುವುದು ಡಿಸ್ಕಿನ ಕಡೆ, ಅದರ ಮೇಲಿನ ತಂತ್ರಾಂಶದಲ್ಲಲ್ಲ ಎಂದು ಅದು ಬೇರ್ಪಡಿಸಿ ಹೇಳುತ್ತಿತ್ತು. ಸುಮಾರು ನಲವತ್ತು ವರ್ಷಗಳ ಮೇಲೆ ನಮ್ಮ ಸಂದೇಶಗಳು ನೋಟದಲ್ಲಿ ಅಂದವಾಗಿವೆ, ಅರ್ಥದಲ್ಲಿ ಮಸುಕಾಗಿವೆ.

ಎಚ್‌ಪಿ ಲ್ಯಾಪ್‌ಟಾಪುಗಳು ತೋರಿಸುವ ಪರಿಚಿತ ಸಂದೇಶವನ್ನೇ ನೋಡಿ. ಬೂಟ್ ಸಾಧನ ಸಿಗಲಿಲ್ಲ ಎಂದ ಮೇಲೆ ಮುಂದಿನ ಸಾಲಿನಲ್ಲಿ 'ದಯವಿಟ್ಟು ನಿಮ್ಮ ಹಾರ್ಡ್ ಡಿಸ್ಕಿನ ಮೇಲೆ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಿ' ಎಂಬ ಸಲಹೆ, ಕೆಳಗೆ 3ಎಫ್0 ಎಂಬ ಸಂಕೇತ. ಸಲಹೆ ವಿನಯವಾಗಿದೆ. ಆದರೆ ಬರೀ ಕೇಬಲ್ ಸಡಿಲವಾಗಿದ್ದವರು, ಅಥವಾ ಬೂಟ್ ಲೋಡರ್ ಮಾತ್ರ ಕೆಟ್ಟಿದ್ದವರು ಈ ಮಾತನ್ನು ಅಕ್ಷರಶಃ ಪಾಲಿಸಿ ಹೊಸದಾಗಿ ವಿಂಡೋಸ್ ಹಾಕಿಸಿದರೆ, ಇದ್ದ ಕಡತಗಳ ಮೇಲೆಯೇ ಬರೆದಂತಾಗುತ್ತದೆ. ರೋಗವನ್ನು ಗುರುತಿಸದ ವೈದ್ಯ ಔಷಧ ಬರೆದುಕೊಟ್ಟ ಹಾಗೆ. ಅದೇ ಯಂತ್ರದ ಎಫ್2 ಕೀಲಿಯ ಹಿಂದೆ ಡ್ರೈವ್ ಪರೀಕ್ಷೆಯ ತಂತ್ರಾಂಶವಿದೆ ಎಂಬುದನ್ನೂ ಹೇಳಬೇಕು. ಹಾಗಿದ್ದಾಗ ಮೊದಲ ಸಲಹೆ ಅದೇ ಆಗಬೇಕಿತ್ತು.

ವಿಂಡೋಸ್ ಇನ್ನೂ ಒಂದು ಹೆಜ್ಜೆ ಮುಂದೆ. ಡ್ರೈವನ್ನು ಕಳಚಿ ಯುಎಸ್‌ಬಿ ಮೂಲಕ ಬೇರೆ ಗಣಕಕ್ಕೆ ಜೋಡಿಸಿದ್ದೀರಿ, ವಿಭಾಗದ ರಚನೆ ಕೆಟ್ಟಿದೆ ಎಂದಿಟ್ಟುಕೊಳ್ಳಿ. 'ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಿಜವಾಗಿ ಗೊತ್ತಿರುವುದು 'ಇದನ್ನು ನನಗೆ ಓದಲಾಗಲಿಲ್ಲ' ಎಂಬಷ್ಟೇ. ಆದರೆ ಕೇಳುವುದು ಅಳಿಸಲು ಅನುಮತಿಯನ್ನು. ಪ್ರಜ್ಞೆ ತಪ್ಪಿದವರ ಮನೆಯವರನ್ನು ಕಟ್ಟಿಗೆ ತರಿಸಲೇ ಎಂದು ಕೇಳಿದಂತೆ!

ಹೆಸರು ಮರೆತ ಡ್ರೈವ್‌ಗಳು

ಎರಡನೆಯ ಸ್ಥಿತಿ, ಗಂಟಲು ಕಟ್ಟಿದ ಹುಡುಗನದು, ಕಲ್ಪನೆಯಲ್ಲ. ಡ್ರೈವ್‌ಗಳ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ತರಗತಿಯಲ್ಲಿ ಹೇಳಲು ತಕ್ಕಂಥವು.

2008ರ ಕೊನೆ ಮತ್ತು 2009ರ ಆರಂಭದಲ್ಲಿ ಸೀಗೇಟ್ ಕಂಪನಿಯ ಬರಾಕುಡಾ 7200.11 ಸರಣಿಯ ಡಿಸ್ಕುಗಳು ಇದ್ದಕ್ಕಿದ್ದಂತೆ ಬಯೋಸ್‌ಗೆ ಕಾಣದಾದವು. ಇವು ಮೇಜಿನ ಗಣಕದ ಡಿಸ್ಕುಗಳು, ಆದರೆ ಪಾಠ ಲ್ಯಾಪ್‌ಟಾಪಿಗೂ ಅನ್ವಯ. ತಟ್ಟೆ ಸರಿಯಿತ್ತು, ಮೋಟಾರು ಸರಿಯಿತ್ತು, ದತ್ತಾಂಶವೂ ಇದ್ದಲ್ಲೇ ಇತ್ತು. ಡ್ರೈವ್ ತನ್ನೊಳಗೆ ಬರೆದುಕೊಳ್ಳುವ ಘಟನಾ ದಾಖಲೆಯಲ್ಲಿ ನಮೂದುಗಳ ಎಣಿಕೆ ಒಂದು ನಿರ್ದಿಷ್ಟ ಸಂಖ್ಯೆಗೆ ಬಂದು ನಿಂತಿರುವಾಗಲೇ ವಿದ್ಯುತ್ ಹಾಕಿದರೆ ಫರ್ಮ್‌ವೇರ್ ಸಿಕ್ಕಿಬೀಳುತ್ತಿತ್ತು. ತಿದ್ದಿದ ಫರ್ಮ್‌ವೇರನ್ನು ಕಂಪನಿ ಹೊರತಂದಿತು. 'ಸತ್ತಿದೆ' ಎಂದು ಎಸೆದವರ ಡಿಸ್ಕಿನಲ್ಲಿ ಎಲ್ಲವೂ ಜೀವಂತವಿತ್ತು.

2011ರಲ್ಲಿ ಇಂಟೆಲ್‌ನ 320 ಸರಣಿಯ ಎಸ್‌ಎಸ್‌ಡಿಗಳು ಇನ್ನೊಂದು ಬಗೆಯಲ್ಲಿ ಹೆಸರು ಮರೆತವು. ಅಚಾನಕ್ಕಾಗಿ ವಿದ್ಯುತ್ ಹೋಗಿ ಬಂದ ಮೇಲೆ ಅವುಗಳಲ್ಲಿ ಕೆಲವು ತಮ್ಮ ಸಾಮರ್ಥ್ಯ ಬರೀ 8 ಮೆಗಾಬೈಟ್ ಎಂದು ಹೇಳಿಕೊಳ್ಳುತ್ತಿದ್ದವು. ಇದು ನಮ್ಮ ಕಡೆಯವರು ಗಮನಿಸಬೇಕಾದ್ದು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಯೇ ಓಡಿಸುವುದು ನಮ್ಮಲ್ಲಿ ಸಾಮಾನ್ಯ. ಕರೆಂಟು ಹೋದಾಗಲೆಲ್ಲ, ನಕ್ಷೆಯನ್ನು ಬರೆದು ಮುಗಿಸಲು ಡ್ರೈವಿಗೆ ಸಮಯವೇ ಸಿಗುವುದಿಲ್ಲ.

ಕ್ರೂಶಿಯಲ್ ಎಂ4 ಎಂಬ ಎಸ್‌ಎಸ್‌ಡಿಯದು ಗಂಟೆಗಳ ಲೆಕ್ಕ. ಒಟ್ಟು 5184 ಗಂಟೆ ಓಡಿದ ಮೇಲೆ ಅದು ಉತ್ತರಿಸುವುದನ್ನು ನಿಲ್ಲಿಸುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಸುಮಾರು ಒಂದು ಗಂಟೆ ನೆಟ್ಟಗಿದ್ದು ಪುನಃ ಮಾಯ. 2012ರ ಜನವರಿಯಲ್ಲಿ ತಿದ್ದುಪಡಿ ಬಂತು. 2019ರ ನವೆಂಬರಿನಲ್ಲಿ ಎಚ್‌ಪಿ ಎಂಟರ್‌ಪ್ರೈಸ್ ಕಂಪನಿ ತನ್ನ ಸರ್ವರುಗಳ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು: 32,768 ಗಂಟೆ ತುಂಬಿದ ಕ್ಷಣ ಡ್ರೈವೂ ದತ್ತಾಂಶವೂ ಮರಳಿ ಸಿಗದಂತೆ ಹೋಗುತ್ತವೆ, ಅದಕ್ಕೆ ಮೊದಲೇ ಫರ್ಮ್‌ವೇರ್ ಬದಲಿಸಿಕೊಳ್ಳಿ ಎಂದು. ಆ ಸಂಖ್ಯೆಯನ್ನು ನೋಡಿದೊಡನೆ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಕಿವಿ ನೆಟ್ಟಗಾಗಬೇಕು. ಅದು 2ರ 15ನೆಯ ಘಾತ. ಚಿಹ್ನೆಸಹಿತ 16 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಗಿಂತ ಒಂದು ಹೆಚ್ಚು. ವರ್ಷಗಳಿಗೆ ಪರಿವರ್ತಿಸಿದರೆ 3 ವರ್ಷ, 270 ದಿನ, 8 ಗಂಟೆ. ಒಟ್ಟಿಗೆ ಕೊಂಡು ಒಟ್ಟಿಗೆ ಚಾಲೂ ಮಾಡಿದ ಡ್ರೈವ್‌ಗಳು ಒಟ್ಟಿಗೇ ಹೋಗಬಲ್ಲವು ಎಂಬುದು ಇಲ್ಲಿನ ಭಯಂಕರ ಅಂಶ. ಒಂದರಲ್ಲಿರುವುದರ ಪ್ರತಿ ಇನ್ನೊಂದರಲ್ಲಿದೆ ಎಂಬ ಧೈರ್ಯಕ್ಕೂ ಅರ್ಥವಿಲ್ಲ.

ಸಲಹೆಗಳ ವಿಮರ್ಶೆ

ಮೂಲ ವಾಕ್ಯದಷ್ಟೇ ಅದರ ಸುತ್ತ ಬೆಳೆದ ವ್ಯಾಖ್ಯಾನಗಳನ್ನೂ ಪರೀಕ್ಷಿಸಬೇಕು. ಸಾಮಾನ್ಯವಾಗಿ ಸಿಗುವ ಸಲಹೆಗಳು ಗೊತ್ತಿರುವವೇ: ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಡ್ರೈವ್ ಕಳಚಿ ಮತ್ತೆ ಕೂರಿಸಿ, ಚೆಕ್‌ಡಿಸ್ಕ್ ಓಡಿಸಿ, ಫಾರ್ಮ್ಯಾಟ್ ಮಾಡಿ, ಆಗದಿದ್ದರೆ ಬದಲಾಯಿಸಿ. ಒಂದೊಂದೂ ಯಾವುದೋ ಒಂದು ಸಂದರ್ಭದಲ್ಲಿ ಸರಿಯೇ. ಆಕ್ಷೇಪಣೆ ಇರುವುದು ಅವುಗಳ ಅನುಕ್ರಮದ ಬಗ್ಗೆ. ಈ ಅನುಕ್ರಮದ ಗುರಿ ಲ್ಯಾಪ್‌ಟಾಪನ್ನು ಬೇಗ ಓಡಿಸುವುದು, ದತ್ತಾಂಶವನ್ನು ಉಳಿಸುವುದಲ್ಲ. ರಿಪೇರಿ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ನಾವು ಅಲ್ಲಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ 'ಯಾವಾಗ ಕೊಡ್ತೀರಿ, ಎಷ್ಟಾಗುತ್ತೆ?' ಎಂದು. 'ಒಳಗಿರೋದಕ್ಕೆ ಇನ್ನೊಂದು ಪ್ರತಿ ಇಲ್ಲ, ಏನೂ ಬರೀಬೇಡಿ' ಎಂದು ಹೇಳುವವರು ಅಪರೂಪ. ಹೇಳದಿದ್ದರೆ ಅವರು ತಮ್ಮ ಪದ್ಧತಿಯಂತೆ ಮಾಡುತ್ತಾರೆ.

ಚೆಕ್‌ಡಿಸ್ಕ್ ದುರಸ್ತಿ ಮಾಡುವುದು ಕಡತ ವ್ಯವಸ್ಥೆಯನ್ನು, ಡ್ರೈವನ್ನಲ್ಲ. ದುರಸ್ತಿ ಮಾಡಬೇಕಾದರೆ ಅದು ಬರೆಯಲೇಬೇಕು. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಸುವುದೆಂದರೆ ಇದ್ದ ಉಸಿರನ್ನೂ ಖರ್ಚು ಮಾಡಿಸುವುದು. ಫಾರ್ಮ್ಯಾಟ್ ಬಗ್ಗೆ ಹಳಬರಲ್ಲಿ ಒಂದು ನಂಬಿಕೆ ಇದೆ: 'ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಏನಾಗಲ್ಲ, ಆಮೇಲೆ ವಾಪಸು ತೆಗೀಬಹುದು' ಎಂದು. ಹಾರ್ಡ್ ಡಿಸ್ಕಿನ ಕಾಲಕ್ಕೆ ಅದು ಬಹುಮಟ್ಟಿಗೆ ನಿಜವಿತ್ತು. 2009ರಲ್ಲಿ ವಿಂಡೋಸ್ 7 ಟ್ರಿಮ್ ಎಂಬ ಆದೇಶವನ್ನು ಬಳಸತೊಡಗಿತು. 'ಈ ಜಾಗವೆಲ್ಲ ಈಗ ಖಾಲಿ, ತೊಳೆದಿಟ್ಟುಕೋ' ಎಂದು ಅದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಅದಾದ ಮೇಲೆ ಕ್ವಿಕ್ ಫಾರ್ಮ್ಯಾಟಿನಿಂದಲೂ ಕಡತಗಳನ್ನು ಮರಳಿ ಪಡೆಯುವ ಆಸೆ ಬಹುತೇಕ ಮುಗಿದಂತೆಯೇ.

ಕೆಟ್ಟ ಹಾರ್ಡ್ ಡಿಸ್ಕನ್ನು ಫ್ರಿಜ್ಜಿನ ಫ್ರೀಜರಿನಲ್ಲಿಡುವ ಉಪಾಯವಂತೂ ಭೌತಶಾಸ್ತ್ರ ಓದಿದವರು ಹೇಳಲೇಬಾರದ್ದು. ಗಾಳಿ ತುಂಬಿದ ಹಾರ್ಡ್ ಡಿಸ್ಕ್ ಮೊಹರಾದ ಡಬ್ಬಿಯಲ್ಲ. ಶೋಧಕವಿರುವ ಸಣ್ಣ ರಂಧ್ರದ ಮೂಲಕ ಅದು ಉಸಿರಾಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಉಷ್ಣತೆ 28 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 85 ಎಂದುಕೊಳ್ಳಿ. ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಮೈನಸ್ 18 ಡಿಗ್ರಿಯಿಂದ ಹೊರತೆಗೆದ ಡಿಸ್ಕಿನ ಮೇಲೆ ನೀರು ಕಟ್ಟದೆ ಇನ್ನೇನಾದೀತು? ಒಳಗೂ ಅಷ್ಟೆ. ಕೆಲವು ನ್ಯಾನೊಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್ಡಿಗೆ ಒಂದು ಹನಿ ಎಂದರೆ ಬೆಟ್ಟ.

ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆಯ ಮೇಲೂ ಅತಿಯಾದ ಭರವಸೆ ಇದೆ. 'ಸ್ಮಾರ್ಟ್ ಸರಿ ಎಂದು ತೋರಿಸುತ್ತಿದೆ, ಡ್ರೈವಿಗೆ ಏನೂ ಆಗಿಲ್ಲ' ಎಂಬ ತೀರ್ಪು ನೀವೂ ಕೇಳಿರಬಹುದು. 2007ರಲ್ಲಿ ಗೂಗಲ್‌ನ ಪಿನ್ಹೇರೊ, ವೆಬರ್ ಮತ್ತು ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವುಗಳಲ್ಲಿ, ಬಲವಾದ ಮುನ್ಸೂಚನೆಗಳೆಂದು ಅವರು ಗುರುತಿಸಿದ ನಾಲ್ಕು ಸ್ಮಾರ್ಟ್ ಸಂಕೇತಗಳಲ್ಲಿ ಒಂದೂ ಕಾಣಿಸಿಕೊಂಡಿರಲಿಲ್ಲ. ಎಂದರೆ, ಸ್ಮಾರ್ಟ್ ಎಚ್ಚರಿಕೆ ಕೊಟ್ಟರೆ ನಂಬಬೇಕು. ಸುಮ್ಮನಿದ್ದರೆ ಆ ಮೌನವನ್ನು ಆರೋಗ್ಯ ಪ್ರಮಾಣಪತ್ರ ಎಂದುಕೊಳ್ಳಬಾರದು.

ಹಾಗಾದರೆ ಮಾಡಬೇಕಾದ್ದೇನು? ಕೊನೆಯ ಉತ್ತರ ಎಲ್ಲಿಂದ ಬಂತು ಎಂದು ಹುಡುಕಬೇಕು. ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ಕಳಚಿ, ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿದು ಮತ್ತೆ ಚಾಲೂ ಮಾಡಿ. ಎಫ್2, ಎಫ್10, ಡಿಲೀಟ್, ಹೀಗೆ ಯಂತ್ರಕ್ಕೆ ತಕ್ಕ ಕೀಲಿಯಿಂದ ಸೆಟಪ್ ತೆರೆಗೆ ಹೋಗಿ. ಅಲ್ಲಿ ಡ್ರೈವಿನ ಮಾದರಿ ಹೆಸರು ಇದೆಯೇ, ಸಾಮರ್ಥ್ಯ ಸರಿಯಿದೆಯೇ ನೋಡಿ. ಈ ಒಂದು ನೋಟಕ್ಕೆ ಹತ್ತು ಸಲಹೆಗಳಿಗಿಂತ ಹೆಚ್ಚು ಬೆಲೆ.

ಹೆಸರೂ ಸಾಮರ್ಥ್ಯವೂ ಸರಿಯಿದ್ದರೆ ಡ್ರೈವ್ ಹಾಜರಿ ಹೇಳಿದೆ; ತೊಂದರೆ ಪರಿವಿಡಿಯಲ್ಲಿ, ಬೂಟ್ ಲೋಡರಿನಲ್ಲಿ ಅಥವಾ ಬರೀ ಸೆಟಪ್ಪಿನಲ್ಲಿ. ಅದೇ ತೆರೆಯಲ್ಲಿ ದಿನಾಂಕವನ್ನೂ ಓದಿ. ಗಡಿಯಾರ ಹತ್ತು ಹದಿನೈದು ವರ್ಷ ಹಿಂದಿದ್ದರೆ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿದೆ, ಸೆಟಪ್ಪಿನ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿವೆ. ಬೂಟ್ ಕ್ರಮವನ್ನೋ ಡ್ರೈವ್ ನಿಯಂತ್ರಕದ ವಿಧಾನವನ್ನೋ ಹಿಂದಿನಂತೆ ಬದಲಿಸಿದರೆ ಲ್ಯಾಪ್‌ಟಾಪ್ ಏನೂ ಆಗಿಲ್ಲವೆಂಬಂತೆ ಏಳಬಹುದು. ಹೆಸರು ವಿಚಿತ್ರವಾಗಿದ್ದರೆ ಅಥವಾ ಸಾಮರ್ಥ್ಯ ಸೊನ್ನೆಯೋ ಕೆಲವೇ ಮೆಗಾಬೈಟೋ ಇದ್ದರೆ ಅದು ಎರಡನೆಯ ಸ್ಥಿತಿ, ಮುಂದುವರಿಯಬೇಡಿ. ಹೆಸರೇ ಇಲ್ಲದಿದ್ದರೆ ಕಿವಿಗೊಡಿ. ಹಾರ್ಡ್ ಡಿಸ್ಕಾದರೆ ತಿರುಗುವ ಸದ್ದು ಇದೆಯೇ? 'ಟಕ್, ಟಕ್' ಎಂದು ಲಯಬದ್ಧವಾಗಿ ಬಡಿಯುತ್ತಿದ್ದರೆ ಹೆಡ್ ತನ್ನ ದಾರಿ ಹುಡುಕಿ ಸೋಲುತ್ತಿದೆ. ಆ ಕ್ಷಣ ವಿದ್ಯುತ್ ತೆಗೆಯಿರಿ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ತಟ್ಟೆ ಗೀಚುತ್ತದೆ. ಒಳಗಿರುವುದು ಬೆಲೆಯುಳ್ಳದ್ದಾದರೆ ಅದು ದತ್ತಾಂಶ ಮರಳಿಸುವ ತಜ್ಞರ ಕೆಲಸ, ಮನೆಯ ಸ್ಕ್ರೂಡ್ರೈವರಿನದಲ್ಲ. ಸದ್ದೇ ಇಲ್ಲದಿದ್ದರೆ ಸಂಪರ್ಕವನ್ನು ಶಂಕಿಸುವುದು ನ್ಯಾಯ. ಅನೇಕ ಲ್ಯಾಪ್‌ಟಾಪುಗಳಲ್ಲಿ ಡ್ರೈವಿಗೂ ಬೋರ್ಡಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಕೇಬಲ್. ಡ್ರೈವನ್ನು ಕಳಚಿ, ಕೆಲವು ನೂರು ರೂಪಾಯಿಯ ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಬೇರೆ ಗಣಕಕ್ಕೆ ಜೋಡಿಸಿದರೆ ದೋಷ ಡ್ರೈವಿನದೋ ಲ್ಯಾಪ್‌ಟಾಪಿನದೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವಿಂಡೋಸ್ ಏನಾದರೂ ಕೇಳಿದರೆ 'ಬೇಡ' ಎನ್ನಿ.

ಕಂಡಿತು ಎಂದಾದರೆ ಮೊದಲ ಕೆಲಸ ಪ್ರತಿ ಮಾಡಿಕೊಳ್ಳುವುದು, ದುರಸ್ತಿಯಲ್ಲ. ಇದಕ್ಕೆಂದೇ ಇರುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದ ನಡೆ ನೋಡಲು ಸೊಗಸು. ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ಹಟ ಮಾಡುವ ಭಾಗಗಳನ್ನು ಗುರುತು ಹಾಕಿಕೊಂಡು ಕೊನೆಗೆ ಮರಳಿ ಬರುತ್ತದೆ. ಪ್ರಶ್ನೆಪತ್ರಿಕೆಯನ್ನು ಜಾಣ ವಿದ್ಯಾರ್ಥಿ ಬಿಡಿಸುವ ಕ್ರಮವೂ ಇದೇ ಅಲ್ಲವೇ? ದುರಸ್ತಿಯ ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ಮಾಡಿ.

ಹೊಸ ಲ್ಯಾಪ್‌ಟಾಪುಗಳ ಹೊಸ ಗೊಂದಲ

'ಸಿಗಲಿಲ್ಲ' ಎಂಬುದಕ್ಕೆ ಐದನೆಯ ಅರ್ಥವೂ ಒಂದಿದೆ: ಡ್ರೈವ್ ಸರಿಯಾಗಿದೆ, ಕೇಳುವವರಿಗೆ ಅದರ ಭಾಷೆ ಬರುವುದಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯನ್ನು ಅನಂತರದ ವರ್ಷಗಳ ಸಾಟಾ ಲ್ಯಾಪ್‌ಟಾಪುಗಳಿಗೆ ಹಾಕಹೋದವರಿಗೆ 'ನಿಮ್ಮ ಗಣಕದಲ್ಲಿ ಯಾವುದೇ ಹಾರ್ಡ್ ಡಿಸ್ಕ್ ಸಿಗಲಿಲ್ಲ' ಎಂಬ ಉತ್ತರ ಬರುತ್ತಿತ್ತು. ಬೇಕಾದ ಚಾಲಕ ತಂತ್ರಾಂಶವನ್ನು ಎಫ್6 ಒತ್ತಿ ಫ್ಲಾಪಿಯಿಂದ ಕೊಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಫ್ಲಾಪಿಯೇ ಇರಲಿಲ್ಲ! ಅದೇ ನಾಟಕ ಇಂಟೆಲ್‌ನ 11ನೆಯ ತಲೆಮಾರಿನ ಸಂಸ್ಕಾರಕಗಳಿಂದ ಈಚೆಗೆ ಮರುಪ್ರದರ್ಶನ ಕಂಡಿದೆ. ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುವ ಲ್ಯಾಪ್‌ಟಾಪುಗಳಲ್ಲಿ ಸೆಟಪ್ ತೆರೆಗೆ ಕಾಣುವ ಡ್ರೈವ್ ವಿಂಡೋಸ್ ಅಳವಡಿಸುವಾಗ ಕಾಣದೆ ಹೋಗಬಹುದು. ಇಂಟೆಲ್‌ನ ಆರ್‌ಎಸ್‌ಟಿ ಚಾಲಕವನ್ನು ಪೆನ್ ಡ್ರೈವಿನಿಂದ ಕೊಟ್ಟರೆ ಪ್ರತ್ಯಕ್ಷ. ಎಂ.2 ಡ್ರೈವ್‌ಗಳಲ್ಲೂ ಹೀಗೆಯೇ: ಸಾಟಾ ಮಾತನಾಡುವವು, ಎನ್‌ವಿಎಂಇ ಮಾತನಾಡುವವು ಎಂಬ ಎರಡು ಬಗೆ, ನೋಟಕ್ಕೆ ಅಣ್ಣತಮ್ಮಂದಿರು. ಒಂದು ಬಗೆಯನ್ನಷ್ಟೇ ಬಲ್ಲ ಕಿಂಡಿಯಲ್ಲಿ ಇನ್ನೊಂದನ್ನು ಕೂರಿಸಿದರೆ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯುತ್ತದೆ, ಆದರೆ 'ಸಿಗಲಿಲ್ಲ'.

ಇವೆಲ್ಲಕ್ಕಿಂತ ಗಂಭೀರವಾದ ಬದಲಾವಣೆ ಬೇರೆ. ಡ್ರೈವನ್ನು ಕಳಚಿ ನೋಡಿ ಎಂದು ಮೇಲೆ ಹೇಳಿದೆ. ಆಪಲ್ 2016ರಿಂದ ಟಚ್ ಬಾರ್ ಇರುವ ಮ್ಯಾಕ್‌ಬುಕ್ ಪ್ರೊಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಬೋರ್ಡಿಗೇ ಬೆಸೆಯಿತು. 2018ರಲ್ಲಿ ಟಿ2 ಚಿಪ್ ಬಂದ ಮೇಲೆ ಗೂಢಲಿಪಿಯ ಕೀಲಿಯೂ ಅದೇ ಬೋರ್ಡಿಗೆ ಅಂಟಿತು. ಅಗ್ಗದ ಅನೇಕ ಲ್ಯಾಪ್‌ಟಾಪುಗಳಲ್ಲಿ ಇಎಂಎಂಸಿ ಚಿಪ್ಪುಗಳನ್ನು ಬೆಸೆದಿರುತ್ತಾರೆ. ಇಂಥವುಗಳಲ್ಲಿ ಚಾರ್ಜಿಂಗ್ ಭಾಗ ಸುಟ್ಟರೂ ದತ್ತಾಂಶ ಬೋರ್ಡಿನೊಂದಿಗೇ ಸೆರೆ. ವಿಂಡೋಸ್ ಕಡೆ 2024ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡ್ರೈವ್ ತಾನಾಗಿ ಗೂಢಲಿಪಿಗೆ ಹೋಗುತ್ತದೆ. ಅಂಥ ಡ್ರೈವನ್ನು ಇನ್ನೊಂದು ಗಣಕಕ್ಕೆ ಜೋಡಿಸಿದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಕಳ್ಳರಿಂದ ರಕ್ಷಣೆ ಒಳ್ಳೆಯದೇ. ಆದರೆ ಕೀಲಿ ಎಲ್ಲಿದೆ ಎಂಬುದನ್ನು ಬಹಳ ಮಂದಿ ಬಳಕೆದಾರರು ಆ ದಿನವೇ ಮೊದಲ ಬಾರಿ ಕೇಳುತ್ತಾರೆ. ನಿಮ್ಮದನ್ನು ಇವತ್ತೇ ಖಾತೆಯಿಂದ ಹುಡುಕಿ ಕಾಗದದ ಮೇಲೆ ಬರೆದಿಡಿ.

ಒಳ್ಳೆಯ ಸಂದೇಶ ಹೇಗಿರಬೇಕೆಂಬುದಕ್ಕೆ ಮಾದರಿಯೂ ಇದೆ. ಲಿನಕ್ಸ್ ಏಳುವಾಗ ಬರೆಯುವ ದಿನಚರಿಯನ್ನು ತೆಗೆದು ನೋಡಿ. ಸಾಟಾ ಕೊಂಡಿ ಏರ್ಪಟ್ಟಿದೆ ಅಥವಾ ಇಲ್ಲ ಎಂಬುದು ಒಂದು ಸಾಲು. ಗುರುತು ಹೇಳುವಂತೆ ಕೇಳಿದಾಗ ಡ್ರೈವ್ ವಿಫಲವಾಯಿತು ಎಂಬುದು ಬೇರೆಯೇ ಸಾಲು. ವಿಭಾಗಗಳ ಪಟ್ಟಿ ಇನ್ನೊಂದು. ಪ್ರತಿ ಸಾಲಿನ ಮುಂದೆ ಸೆಕೆಂಡುಗಳ ಲೆಕ್ಕ. ಡ್ರೈವ್ ತಡಮಾಡಿದರೆ 'ಕೊಂಡಿ ನಿಧಾನವಾಗಿ ಉತ್ತರಿಸುತ್ತಿದೆ, ದಯವಿಟ್ಟು ತಾಳ್ಮೆಯಿರಲಿ' ಎಂದೂ ಹೇಳುತ್ತದೆ. ನೋಡಲು ಒರಟು, ಸಾಮಾನ್ಯ ಬಳಕೆದಾರರಿಗೆ ಬೆದರಿಕೆ ಹುಟ್ಟಿಸುವಂಥ ಬರವಣಿಗೆ, ಒಪ್ಪುತ್ತೇನೆ. ಆದರೆ ಹಾಜರಿಯ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದು ಅದರಲ್ಲಿದೆ. ಲಿನಕ್ಸ್ ತುಂಬಿದ ಪೆನ್ ಡ್ರೈವ್ ಒಂದು ಕೈಯಲ್ಲಿದ್ದರೆ, ಏಳದ ಲ್ಯಾಪ್‌ಟಾಪಿನಲ್ಲೂ ಇದನ್ನು ಓದಬಹುದು.

ಶಾಲೆಯಲ್ಲಿ ಮೂಲೆಗೆ ಸರಿಸಿದ, ಒಳಗೆ ಬೇಕಾದ್ದೇನೂ ಇಲ್ಲದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಒಂದು ಪ್ರಯೋಗ ಮಾಡಿಸಿ. ಡ್ರೈವನ್ನು ಕಳಚಿ ಚಾಲೂ ಮಾಡಿ, ತೆರೆಯ ಮೇಲಿನ ವಾಕ್ಯವನ್ನು ವಿದ್ಯಾರ್ಥಿಗಳು ಇದ್ದಂತೆಯೇ ಬರೆದುಕೊಳ್ಳಲಿ. ಅನಂತರ ಏನೂ ಬರೆಯದ ಖಾಲಿ ಡ್ರೈವ್ ಒಂದನ್ನು ಹಾಕಿ ಬರೆದುಕೊಳ್ಳಲಿ. ಮೂರನೆಯ ಸಲ ಮೂಲ ಡ್ರೈವನ್ನೇ ಕೂರಿಸಿ, ಸೆಟಪ್ಪಿನಲ್ಲಿ ಬೂಟ್ ಕ್ರಮದಿಂದ ಅದನ್ನು ತೆಗೆದುಹಾಕಿ ಬರೆದುಕೊಳ್ಳಲಿ. ಅನೇಕ ಯಂತ್ರಗಳಲ್ಲಿ ಮೂರೂ ಸಲ ಒಂದೇ ವಾಕ್ಯ ಸಿಗುತ್ತದೆ. ಆಮೇಲೆ ಮೂರೂ ಸ್ಥಿತಿಗಳಲ್ಲಿ ಸೆಟಪ್ ತೆರೆ ಏನು ತೋರಿಸಿತು, ಲಿನಕ್ಸಿನ ದಿನಚರಿ ಏನು ಹೇಳಿತು ಎಂಬುದನ್ನು ಪಕ್ಕದಲ್ಲಿ ತುಂಬಿಸಿ. ತೆರೆಯ ಮೇಲೆ ನಿಜಕ್ಕೂ ಏನು ಬರೆದಿರಬೇಕಿತ್ತು ಎಂದು ಮೂರು ವಾಕ್ಯಗಳನ್ನು ಕನ್ನಡದಲ್ಲಿ ರಚಿಸಲು ಅವರಿಗೇ ಬಿಡಿ.